ಕಯಾಕ್‌ಗೆ ರಾಡ್ ಹೋಲ್ಡರ್ ಎಲ್ಲಿ ಕೂರಿಸ್ಬೇಕು ಅಂತ ಕೇಳಿದ್ರಲ್ಲ ಅಣ್ಣ, ಅದಕ್ಕೆ

ಅಣ್ಣ, ಫೋಟೋ ನೋಡ್ದೆ. 10 ಅಡಿ ಸಿಟ್-ಆನ್-ಟಾಪ್ ಕಯಾಕ್ (ಒಳಗಲ್ಲ, ಮೇಲೆ ಕೂತು ಹುಟ್ಟು ಹಾಕೋ ಸಣ್ಣ ದೋಣಿ), ಸೀಟ್ ಹಿಂದೆ ಗಾಳದ ರಾಡ್ ಸಿಕ್ಕಿಸೋಕೆ ಕಂಪನಿಯಿಂದಾನೇ ಬಂದಿರೋ, ಮೈಯೊಳಗೆ ಹುದುಗಿರೋ ಎರಡು ಫ್ಲಶ್ ಹೋಲ್ಡರ್ ಇದೆ, ಇನ್ನೆರಡು ಎಲ್ಲಿ ಹಾಕ್ಲಿ, ಪಕ್ಕದಲ್ಲಿ ಹಾಕಿದ್ರೆ ಪ್ಯಾಡಲ್ ತಾಗುತ್ತಾ ಅಂತ ಕೇಳಿದೀರ. ತೋಟದ ಕೆರೆಗೂ ಆಗ್ಬೇಕು, ನಮ್ಮ ಕೊಡಗಿನ ಹಾರಂಗಿ ಡ್ಯಾಮ್ ಹಿನ್ನೀರಿಗೂ ಆಗ್ಬೇಕು. ಮೇಲಿನ ಕಾಮೆಂಟಲ್ಲಿ ಒಬ್ರು ನಾಲ್ಕು ಹೋಲ್ಡರ್ ಹಾಕಿ ಅಂದ್ರು, ಇನ್ನೊಬ್ರು ಆರು ಅಂದ್ರು. ನಾನು ಹೇಳೋದು, ಇವತ್ತು ಡ್ರಿಲ್ ಮಷಿನ್ ಮುಟ್ಲೇಬೇಡಿ.

ಹಿಂದಿನ ಆ ಎರಡು ಹೋಲ್ಡರ್ ಇದ್ಯಲ್ಲ, ಅದು ರಾಡ್ ಸಾಗಿಸೋಕೆ, ಮೀನು ಹಿಡಿಯೋಕಲ್ಲ. ನಂಗೆ ಇದು ಗೊತ್ತಾಗಿದ್ದು ಒಂದು ರಾಡ್ ಕಳ್ಕೊಂಡ್ಮೇಲೆ. ನಮ್ಮ ಕೆರೇಲಿ ಗೌರಿ ಮೀನಿಗೆ ಹಿಟ್ಟಿನ ಉಂಡೆ ಹಾಕಿ, ರಾಡ್ ಹಿಂದಿನ ಹೋಲ್ಡರ್‌ಗೆ ಸಿಕ್ಕಿಸಿ, ಆರಾಮಾಗಿ ಫ್ಲಾಸ್ಕ್ ತೆಗೆದು ಕಾಫಿ ಕುಡೀತಾ ಇದ್ದೆ. ರೀಲ್ ಕಿರ್ರ್ ಅಂತು. ತಿರುಗೋಣ ಅಂದ್ರೆ ಲೈಫ್ ಜಾಕೆಟ್ ಅಡ್ಡ, ಸೊಂಟ ತಿರುಗಲ್ಲ, ಸ್ವಲ್ಪ ಜಾಸ್ತಿ ವಾಲಿದ್ರೆ ಕಯಾಕ್ ವಾಲುತ್ತೆ, ಒಂದು ಕೈಯಲ್ಲಿ ಲೋಟ ಬೇರೆ. ನಾನು ಹಿಡಿ ಮುಟ್ಟೋ ಹೊತ್ತಿಗೆ ರಾಡ್ ಚಂಗ್ ಅಂತ ಎದ್ದು ನೀರಿಗೆ ಹೋಯ್ತು. ಬಾವಿಗೆ ಬಿದ್ದ ಬಿಂದಿಗೆ ತೆಗೆಯೋ ಪಾತಾಳಗರಡಿ ಹಾಕಿ ಎರಡು ದಿನ ಎಳೆದ್ವಿ, ಒಂದು ಜೀಪ್ ಟಯರ್ ಸಿಕ್ತು, ಸ್ಪ್ರಿಂಕ್ಲರ್ ಪೈಪ್ ತುಂಡು ಸಿಕ್ತು, ರಾಡ್ ಮಾತ್ರ ಇಲ್ಲ.

ಹಂಗಾಗಿ ಗಾಳ ನೀರಲ್ಲಿರೋ ರಾಡ್ ಯಾವಾಗ್ಲೂ ಕಣ್ಣ ಮುಂದೆ ಇರ್ಬೇಕು, ಮಂಡಿ ಹತ್ರ. ಗಡಿಯಾರದ ಲೆಕ್ಕದಲ್ಲಿ ಹೇಳೋದಾದ್ರೆ ನಿಮ್ಮ ಮೂಗಿನ ನೇರ 12 ಅಂದ್ಕೊಳ್ಳಿ, ರಾಡ್‌ಗಳು 10ಕ್ಕೂ 2ಕ್ಕೂ ಚಾಚಿರ್ಬೇಕು, ತುದಿ ಅಲ್ಲಾಡಿದ್ರೆ ಕತ್ತು ತಿರುಗಿಸ್ದೆ ಕಾಣ್ಬೇಕು.

ಈಗ ಅಳತೆ. ಕಯಾಕ್ ತಗೊಂಡು ಕಾಫಿ ಕಣದಲ್ಲಿ ಇಡಿ, ಕೆಳಗೆ ಎರಡು ಗೋಣಿಚೀಲ ಹಾಕಿ ಅಲ್ಲಾಡದ ಹಾಗೆ. ಲೈಫ್ ಜಾಕೆಟ್ ಹಾಕ್ಕೊಂಡೇ ಕೂತ್ಕೊಳ್ಳಿ, ಜಾಕೆಟ್ ಇಲ್ದೆ ತಗೊಂಡ ಅಳತೆ ನೀರಿನ ಮೇಲೆ ಸುಳ್ಳಾಗುತ್ತೆ. ಬೆನ್ನು ಸೀಟಿಗೆ ತಾಗಿರ್ಲಿ. ಈಗ ಕೈ ಚಾಚಿ. ಎಲ್ರೂ ಮಾಡೋ ತಪ್ಪು ಇಲ್ಲೇ, ಬೆರಳ ತುದಿ ಎಲ್ಲಿ ಮುಟ್ತೋ ಅಲ್ಲಿ ಗುರುತು ಹಾಕ್ತಾರೆ. ಆದ್ರೆ ಪೈಪ್ ಥರದ ಹೋಲ್ಡರ್ ಮುಂದಕ್ಕೆ ವಾಲಿರುತ್ತೆ ಅಲ್ವಾ, ಅದ್ರಿಂದ ರಾಡ್ ಹೊರಗೆ ಬರ್ಬೇಕು ಅಂದ್ರೆ ಅದೇ ದಿಕ್ಕಲ್ಲಿ, ಅಂದ್ರೆ ನಿಮ್ಮಿಂದ ದೂರಕ್ಕೆ, ತಳ್ಳಿ ಎತ್ಬೇಕು. ಹಿಡಿಯೋ ಹಿಂಭಾಗ ಪೈಪ್ ಒಳಗೆ ಒಂದು ಗೇಣು ಕೂತಿರುತ್ತೆ, ಆ ಒಂದು ಗೇಣು ನಿಮ್ಮ ಕೈ ಇನ್ನೂ ಮುಂದಕ್ಕೆ ಹೋಗ್ಬೇಕು. ಆಗ್ಲೇ ಕೈ ಪೂರ್ತಿ ಚಾಚಿದ್ರೆ ಎಲ್ಲಿಗೆ ಹೋಗ್ತೀರ? ಅದೂ ಮೀನು ಎಳೀತಾ ಇರುವಾಗ ರಾಡ್ ಬಗ್ಗಿ ಪೈಪ್ ಬಾಯಿಗೆ ಒತ್ಕೊಂಡಿರುತ್ತೆ, ಸಲೀಸಾಗಿ ಬರಲ್ಲ. ಅದಕ್ಕೆ ಮೊಣಕೈ ಚೆನ್ನಾಗಿ ಮಡಿಸಿದ ಹಾಗೇ ರೀಲ್ ಹಿಡ್ಕೊಳ್ಳೋಕೆ ಆಗೋ ಜಾಗ ನೋಡಿ ಚಾಕ್‌ಪೀಸಲ್ಲಿ ಗುರುತು ಹಾಕಿ. ನನ್ನ ಕಯಾಕಲ್ಲಿ ಅದು ಮಂಡಿಗಿಂತ ನಾಲ್ಕು ಬೆರಳು ಹಿಂದೆ ಬಂತು, ನಾನು ಗಿಡ್ಡ, ನಿಮ್ಗೆ ಸ್ವಲ್ಪ ಮುಂದೆ ಬರ್ಬೋದು.

ಮೇಲ್ಗಡೆ ತೆರೆದಿರೋ ಹೋಲ್ಡರ್ ತಗೊಂಡ್ರೆ ಈ ತಾಪತ್ರಯ ಅರ್ಧ ಕಮ್ಮಿ, ರಾಡ್ ಸೀದಾ ಮೇಲಕ್ಕೆ ಬರುತ್ತೆ. ಆದ್ರೆ ಅದಕ್ಕೆ ಲಾಕ್ ಅಥವಾ ಪಟ್ಟಿ ಇರ್ಲೇಬೇಕು, ಇಲ್ದಿದ್ರೆ ಮೀನಿಗೂ ಅಷ್ಟೇ ಸಲೀಸು. ಸ್ಪಿನ್ನಿಂಗ್ ರೀಲ್ ಆದ್ರೆ ಕಾಲು ಕೆಳಗೆ ನೇತಾಡುತ್ತೆ, ಅದು ಕೂರೋಕೆ ಹೋಲ್ಡರ್ ಬಾಯಲ್ಲಿ ಸೀಳು ಇದ್ಯಾ ನೋಡಿ. ರಾಡ್ ಮೇಲ್ಗಡೆ ಕೂರೋ ಬೇಟ್‌ಕಾಸ್ಟರ್ ರೀಲ್ ಆದ್ರೆ ಹಿಡಿ ಕೆಳಗಿನ ಟ್ರಿಗರ್‌ಗೆ ಜಾಗ ಬೇಕು. ಅಂಗಡಿಗೆ ಹೋಗುವಾಗ ನಿಮ್ಮ ರಾಡ್ ತಗೊಂಡೇ ಹೋಗಿ, ಆನ್‌ಲೈನ್ ಆದ್ರೆ ಹಿಡಿ ದಪ್ಪ ಅಳೆದು ಆರ್ಡರ್ ಮಾಡಿ.

ಪ್ಯಾಡಲ್ ವಿಷಯ. ಗುರುತು ಹಾಕಿದ ಕಡೆ ಒಂದೂವರೆ ಇಂಚು ಪಿವಿಸಿ ಪೈಪ್ ತುಂಡು ಟೇಪ್ ಸುತ್ತಿ ನಿಲ್ಲಿಸಿ, ರಾಡ್ ಸಿಕ್ಕಿಸಿ, ಕಣದಲ್ಲೇ ಕೂತು ಗಾಳೀಲಿ ಹುಟ್ಟು ಹಾಕಿ. ನೋಡಿದವ್ರು ನಗ್ತಾರೆ, ನಗ್ಲಿ. ನಮ್ಮನೇಲಿ ಕೆಲಸಕ್ಕೆ ಬರೋರು ಇವತ್ತಿಗೂ ಸಾರ್ ಕಣದಲ್ಲಿ ದೋಣಿ ಬಿಟ್ರು ಅಂತಾರೆ. ಮೆಲ್ಲಗೆ ಹಾಕಿದ್ರೆ ಗೊತ್ತಾಗಲ್ಲ, ಎದುರುಗಾಳಿಗೆ ಹಾಕೋ ಹಾಗೆ ಜೋರಾಗಿ ಹಾಕಿ, ಆಗ ಬೆರಳ ಗೆಣ್ಣು ಎಲ್ಲಿ ತಾಗುತ್ತೆ ಅಂತ ತಿಳಿಯುತ್ತೆ. ತಾಗಿದ್ರೆ ಒಂದೊಂದೇ ಇಂಚು ಜರುಗಿಸಿ. ಆಮೇಲೆ ಅದೇ ಟೇಪ್ ಸಮೇತ ಕೆರೇಲಿ ದಡದ ಹತ್ರಾನೇ ಒಂದು ಸಂಜೆ ತಿರುಗಾಡ್ಕೊಂಡು ಬನ್ನಿ, ಗಾಳ ಹಾಕ್ಬೇಡಿ.

ಇನ್ನೊಂದು ಯಾರೂ ಹೇಳಲ್ಲ. ಮಗುಚಿ ಬಿದ್ರೆ ವಾಪಸ್ ಹತ್ತೋದು ಪಕ್ಕದಿಂದ, ಎದೆ ಕಯಾಕ್ ಮೇಲೆ ಎಳ್ಕೊಂಡು. ಆ ಜಾಗದಲ್ಲಿ ಹೋಲ್ಡರ್ ಎದ್ದು ನಿಂತಿದ್ರೆ ಪಕ್ಕೆಲುಬಿಗೆ ಚುಚ್ಚುತ್ತೆ, ಜಾಕೆಟ್ ಸಿಕ್ಕಾಕೊಳ್ಳುತ್ತೆ. ಸೀಟಿನ ಎಡಗಡೆ ಆಗ್ಲಿ ಬಲಗಡೆ ಆಗ್ಲಿ ಒಂದು ಬದಿ ಪೂರ್ತಿ ಖಾಲಿ ಬಿಡಿ, ಬಲೆ ಹಾಕಿ ಮೀನು ಎತ್ತೋಕೂ ಅದೇ ಬದಿ ಆಗುತ್ತೆ. ಆರು ಹೋಲ್ಡರ್ ಹಾಕಿ ಅಂದೋರು ಯಾವತ್ತೂ ನೀರಿಗೆ ಬಿದ್ದಿಲ್ಲ ಅನ್ಸುತ್ತೆ!

ನನ್ನ ಕೇಳಿದ್ರೆ ಮುಂದೆ ಎರಡೂ ಬದಿಗೆ ಒಂದೊಂದು ಗೇರ್ ಟ್ರ್ಯಾಕ್ (ಹಳಿ ಥರದ ಪಟ್ಟಿ) ಹಾಕಿಸ್ಕೊಳ್ಳಿ, 8 ಇಂಚಿಂದೋ 12 ಇಂಚಿಂದೋ. ಹೋಲ್ಡರ್ ಅದರ ಮೇಲೆ ಜಾರುತ್ತೆ, ಇವತ್ತು ಬೇಡ ಅಂದ್ರೆ ಬಿಚ್ಚಿ ಇಡ್ಬೋದು, ಹತ್ತುವಾಗ ಅಡ್ಡ ಬರಲ್ಲ, ಎರಡು ಇಂಚಿನ ದೊಡ್ಡ ತೂತು ಕೊರೆಯೋ ಅವಶ್ಯಕತೆ ಇಲ್ಲ. ರಾಮ್ (RAM) ಕಂಪನಿದ್ರ ಥರ ಗುಂಡಿನ ಮೇಲೆ ತಿರುಗೋ ಮೌಂಟ್ ಆದ್ರೆ 1 ಇಂಚು ಗುಂಡು ಕೆರೆಗೆ ಸಾಕು, ದೊಡ್ಡ ಮೀನಿಗೆ ಅಥವಾ ಕಯಾಕ್ ಓಡಿಸ್ತಾ ಗಾಳ ಹಿಂದೆ ಎಳ್ಕೊಂಡು ಟ್ರೋಲಿಂಗ್ ಮಾಡೋದಾದ್ರೆ ಒಂದೂವರೆ ಇಂಚಿಂದು ತಗೊಳ್ಳಿ, ಚಿಕ್ಕದು ಮೀನು ಜಗ್ಗಿದ್ರೆ ತಿರುಗ್ಬಿಡುತ್ತೆ.

ತೂತು ಹೊಡೆಯೋ ದಿನ ಬಂದಾಗ ಮೊದಲು ಹ್ಯಾಚ್ (ಕಯಾಕ್ ಮೇಲಿನ ಮುಚ್ಚಳ) ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ, ಫೋಮ್ ಇದ್ಯಾ, ಕೈ ಹೋಗುತ್ತಾ. ಕೈ ಹೋದ್ರೆ ಸ್ಟೀಲ್ ಬೋಲ್ಟ್, ಅಗಲದ ವಾಷರ್, ನೈಲಾನ್ ಇರೋ ಲಾಕ್ ನಟ್, ಒಳಗಡೆ ಒಂದು ಪ್ಲಾಸ್ಟಿಕ್ ಪಟ್ಟಿ, ಅಡುಗೆಮನೆ ಚಾಪಿಂಗ್ ಬೋರ್ಡ್ ಹಳೇದಿದ್ರೆ ಕತ್ತರಿಸಿ ಹಾಕ್ಬೋದು, ಮನೇಲಿ ಕೇಳಿ ಕತ್ತರಿಸಿ. ಕೈ ಹೋಗ್ದಿದ್ರೆ ಒಳಗೆ ಮೂರು ಕಾಲಾಗಿ ಅರಳೋ ರಿವೆಟ್, ಶೀಟಿಗೆ ಹೊಡೆಯೋ ಮಾಮೂಲಿ ರಿವೆಟ್ ಈ ಪ್ಲಾಸ್ಟಿಕ್ಕಲ್ಲಿ ಕಿತ್ಕೊಂಡು ಬರುತ್ತೆ. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು, ಸ್ಪೀಡ್ ಕಮ್ಮಿ, ಜೋರಾಗಿ ಬಿಟ್ರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ಕೊಳ್ಳುತ್ತೆ. ಸಿಲಿಕೋನ್ ಹಾಕಿ, ಆದ್ರೆ ಅದು ಕಯಾಕ್‌ನ ಪಾಲಿಥಿನ್ ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಅಂಟಲ್ಲ, ಸಂದಿ ತುಂಬೋ ವಾಷರ್ ಥರ ಅಷ್ಟೇ, ಹಿಡ್ಕೊಳ್ಳೋ ಕೆಲಸ ಬೋಲ್ಟ್‌ದು. ಅರಾಲ್ಡೈಟ್ ಅಂತೂ ಬೇಡ. ಟೈಟ್ ಮಾಡುವಾಗ ಪ್ಲಾಸ್ಟಿಕ್ ಗುಳಿ ಬೀಳೋಕೆ ಶುರುವಾದ್ರೆ ನಿಲ್ಸಿ. ಆಮೇಲೆ ಅರ್ಧ ಗಂಟೆ ದಡದ ಹತ್ರ ತೇಲಿಸಿ, ಮೇಲೆ ಎಳ್ಕೊಂಡು ಡ್ರೈನ್ ಪ್ಲಗ್ ಬಿಚ್ಚಿ, ಒಳಗಿಂದ ನೀರು ಬಂತಾ ನೋಡಿ. ಈ ಕೆಲಸಕ್ಕೆಲ್ಲ ಕಕ್ಕಡ ತಿಂಗಳೇ (ಜುಲೈ-ಆಗಸ್ಟ್) ಸರಿ, ಹೆಂಗೂ ಆ ಮಳೇಲಿ ಯಾರೂ ನೀರಿಗೆ ಇಳಿಯಲ್ಲ.

ಹಿಂದಿನ ಹೋಲ್ಡರ್ ಸುಮ್ನೆ ಬಿಡಬೇಡಿ, ಹೋಗ್ತಾ ಬರ್ತಾ ಅದರಲ್ಲೇ ರಾಡ್ ಇಡಿ, ಆದ್ರೆ ನಮ್ಮ ಕೆರೆ ದಡದಲ್ಲಿ ಬಿದಿರು, ಸಿಲ್ವರ್ ಓಕ್ ಕೊಂಬೆ ಬಗ್ಗಿರುತ್ತಲ್ಲ, ನೆಟ್ಟಗೆ ನಿಂತ ರಾಡ್ ತುದಿ ಸಿಕ್ಕಾಕೊಂಡ್ರೆ ನಿಮ್ಗೆ ಗೊತ್ತಾಗೋದು ಮುರಿದ ಸದ್ದು ಕೇಳಿದ್ಮೇಲೆ. ಅಂಥ ಕಡೆ ರಾಡ್ ಕಾಲ ಮೇಲೆ ಮಲಗಿಸ್ಕೊಂಡು ಹೋಗಿ. ಯಾವ ಹೋಲ್ಡರ್ ಆದ್ರೂ ರಾಡ್‌ಗೂ ಕಯಾಕ್‌ಗೂ ಸೇರಿಸಿ ಒಂದು ಲೀಶ್ (ಹಗ್ಗ) ಕಟ್ಟಿ, ಅದಿಲ್ದೆ ನಾನು ಈಗ ದಡ ಬಿಡಲ್ಲ. ಹೋಲ್ಡರಲ್ಲಿ ಇಡುವಾಗ ರೀಲ್ ಡ್ರ್ಯಾಗ್ (ದಾರ ಬಿಡೋ ಬಿಗಿ) ಸಡಿಲ ಮಾಡಿ, ಮೀನು ಎಳೆದ್ರೆ ದಾರ ಹೋಗ್ಲಿ, ರಾಡ್ ಹೋಗ್ಬಾರ್ದು.

ಹಾರಂಗಿಗೆ ಇಳಿಯೋ ಮೊದಲು ಪರ್ಮಿಷನ್ ವಿಚಾರಿಸಿ. ಕಾವೇರಿಗೆ ಹೋಗಿ ಮಹಶೀರ್ ಹಿಡಿಯೋ ಆಸೆ ಇದ್ರೆ ವಾಲ್ನೂರು ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವ್ರು ಈಗ ಪರ್ಮಿಟ್ ಕೊಡ್ತಾರಾ ಕೇಳಿ, ಅಲ್ಲಿ ಹಿಡಿದು ವಾಪಸ್ ಬಿಡೋದು ಮಾತ್ರ. ಕಿತ್ತಳೆ ಬಣ್ಣದ ರೆಕ್ಕೆಯ ನಮ್ಮ ಗೂನು ಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಲ್ಲಿದೆ, 2018ರಲ್ಲಿ ಐಯುಸಿಎನ್ ಅನ್ನೋ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಗೂ ಸೇರಿದೆ. ಕೆರೇಲಿ ಆನೆ ನೀರಿಗೆ ಬರೋ ಜಾಗ ಆದ್ರೆ ಸಂಜೆ ನಾಲ್ಕು ಗಂಟೆ ಒಳಗೆ ಕಯಾಕ್ ಹೊರಗೆ ಎಳೀರಿ. ಫೆಬ್ರವರಿ ಮಾರ್ಚಲ್ಲಿ ಕಾಫಿಗೆ ನೀರು ಹೊಡೆಯುವಾಗ ಪಂಪ್ ಇದ್ಯಲ್ಲ, ಅದು ಓಡ್ತಿದ್ರೆ ಹೀರೋ ಪೈಪ್ ಹತ್ರ ಹೋಗ್ಬೇಡಿ.

ಮೊದಲು ಹ್ಯಾಚ್ ಒಳಗಿಂದ ಒಂದು ಫೋಟೋ ಹಾಕಿ, ಮಂಡಿ ಹತ್ರದ ಜಾಗದ ಕೆಳಗೆ ಕೈ ಹೋಗುತ್ತಾ ಅಂತ ನೋಡಿ, ಬೋಲ್ಟಾ ರಿವೆಟ್ಟಾ ಹೇಳ್ತೀನಿ.