ಮಗಳ ಊರಿನಲ್ಲಿ ಚಳಿಗಾಲ ಮುಗಿಯುತ್ತಲೇ ಇಲ್ಲ

ಪ್ರಶ್ನೆ: ಮಗಳು, ಅಳಿಯ, ಮೂರು ವರ್ಷದ ಮೊಮ್ಮಗ ಕೆನಡಾದ ಎಡ್ಮಂಟನ್‌ನಲ್ಲಿದ್ದಾರೆ. ದೀಪಾವಳಿಯಿಂದಲೂ ಅವಳದು ಒಂದೇ ಗೋಳು: ಹಿಮ, ಕತ್ತಲೆ, ಬೇಸರ. ಯುಗಾದಿಯ ದಿನ ವಿಡಿಯೊ ಕರೆಯಲ್ಲೂ ಅತ್ತಳು. ‘ಗದ್ದೆ ಅಡವಿಟ್ಟು ಓದಿಸಿದ್ದೇವೆ. ಒಳ್ಳೆಯ ಕೆಲಸವಿದೆ, ಮುದ್ದಾದ ಮಗುವಿದೆ. ದೇವರು ಕೊಟ್ಟಿದ್ದನ್ನು ನೆನೆದು ಸಂತೋಷವಾಗಿರುವುದನ್ನು ಕಲಿ’ ಎಂದೆ. ಅಂದಿನಿಂದ ಕರೆಯೇ ಕಡಿಮೆ. ಮಾಡಿದರೂ ‘ಚೆನ್ನಾಗಿದ್ದೇನೆ’ ಎಂದು ಹೇಳಿ ಮಗುವಿನ ಕೈಗೆ ಫೋನ್ ಕೊಟ್ಟುಬಿಡುತ್ತಾಳೆ. ನಾನು ಹೇಳಿದ್ದರಲ್ಲಿ ತಪ್ಪೇನು?
– ಒಬ್ಬ ತಾಯಿ, ಮಂಡ್ಯ

ಉತ್ತರ: ನಿಮ್ಮ ಮಾತಿನಲ್ಲಿ ಸುಳ್ಳೇನೂ ಇಲ್ಲ ತಾಯಿ. ಆದರೆ ಅಳುತ್ತಿದ್ದವಳಿಗೆ ಆ ಹೊತ್ತಿನಲ್ಲಿ ಅದು ಬೇಕಿರಲಿಲ್ಲ. ಅದರಲ್ಲೂ ಗದ್ದೆಯ ವಿಷಯ! ಮಂಡ್ಯದ ರೈತರ ಮನೆಯ ಹೆಣ್ಣುಮಗಳು ಅದನ್ನು ಮರೆಯುವುದುಂಟೆ? ‘ಕೊಟ್ಟಿದ್ದನ್ನು ನೆನೆ’ ಎಂದದ್ದು ಅವಳ ಕಿವಿಗೆ ಬ್ಯಾಂಕಿನ ನೋಟಿಸಿನಂತೆ ಕೇಳಿಸಿರುತ್ತದೆ. ಸಾಲ ಉಳಿಸಿಕೊಂಡವರು ಕಷ್ಟ ಹೇಳಿಕೊಳ್ಳುವುದಿಲ್ಲ, ಮುಖ ತಪ್ಪಿಸುತ್ತಾರೆ. ಅವಳು ಮಗುವಿನ ಕೈಗೆ ಫೋನ್ ದಾಟಿಸುತ್ತಿರುವುದೂ ಅದಕ್ಕೇ ಎಂದು ನನಗನಿಸುತ್ತದೆ.

ಅವಳ ಕಷ್ಟ ಬರೀ ಚಳಿಯದಲ್ಲ. ನಮ್ಮಲ್ಲಿ ಧನುರ್ಮಾಸದ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆಗಿಂತ ಹೆಚ್ಚು ಬೆಳಕಿರುತ್ತದೆ. ಎಡ್ಮಂಟನ್‌ನಲ್ಲಿ ಡಿಸೆಂಬರ್ ಕೊನೆಯಲ್ಲಿ ಇರುವುದು ಸುಮಾರು ಏಳೂವರೆ ಗಂಟೆ ಅಷ್ಟೇ. ಕೆಲಸಕ್ಕೆ ಹೊರಟಾಗಲೂ ಕತ್ತಲೆ, ಮರಳುವಾಗಲೂ ಕತ್ತಲೆ. ಕೆಲವರಿಗೆ ಇದರಿಂದ ನಿಜವಾದ ಖಿನ್ನತೆಯೇ ಬರುತ್ತದೆ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು ಮತ್ತು ಅವರ ಸಂಗಡಿಗರು ಇದನ್ನು ಋತುಮಾನದ ಕಾಯಿಲೆಯೆಂದು ವಿವರಿಸಿದರು. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕಿನ ದೀಪದ ಮುಂದೆ ಕೂರಿಸುವುದು ಇದಕ್ಕಿರುವ ಚಿಕಿತ್ಸೆಗಳಲ್ಲೊಂದು. ನಿದ್ದೆ, ಹಸಿವು ಏರುಪೇರಾಗಿದ್ದರೆ, ಮಗುವನ್ನು ನೋಡಿಕೊಳ್ಳಲೂ ಮೈ ಏಳದಿದ್ದರೆ ಅಳಿಯನ ಹತ್ತಿರ ಮಾತನಾಡಿ, ವೈದ್ಯರಿಗೆ ತೋರಿಸಲು ಹೇಳಿ. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ಕ್ಷಣವೂ ತಡಮಾಡಬೇಡಿ. ಕೆನಡಾದಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಇರುವುದನ್ನು ನೆನೆಯುವುದರಿಂದ ಮನಸ್ಸು ಹಗುರಾಗುತ್ತದೆ ಎಂಬುದನ್ನು ನಾನೂ ನಂಬುತ್ತೇನೆ. ಅಮೆರಿಕದ ಎಮ್ಮನ್ಸ್ ಮತ್ತು ಮೆಕಲೋ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೊಮ್ಮೆ ತಮಗೆ ಒದಗಿದ ಐದರಷ್ಟು ಒಳ್ಳೆಯ ಸಂಗತಿಗಳನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದವರಿಗಿಂತ ನೆಮ್ಮದಿಯಾಗಿದ್ದರು. ಆದರೆ ಏನು ಬರೆಯಬೇಕೆಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ, ಅವರೇ ಹುಡುಕಿಕೊಂಡರು. ನಿಮ್ಮ ಮಗಳ ಪಟ್ಟಿಯನ್ನು ನೀವೇ ಬರೆದುಕೊಟ್ಟಿರಿ.

ಅವಳೇ ಹುಡುಕಿಕೊಳ್ಳುವಂತೆ ಮಾಡುವ ದಾರಿ ಇದೆ. ಮಾರ್ಚ್ 20ರ ಆಸುಪಾಸಿನಲ್ಲಿ ಎಲ್ಲೆಡೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಅಲ್ಲಿಂದ ಮುಂದೆ, ನೆಲದ ಮೇಲೆ ಹಿಮ ಇದ್ದರೂ, ಅವಳ ಊರಿನ ಹಗಲು ಮಂಡ್ಯದ ಹಗಲಿಗಿಂತ ಉದ್ದ. ಏಪ್ರಿಲ್ ನಡುವಿಗೆ ಹದಿನಾಲ್ಕು ಗಂಟೆಯ ಹತ್ತಿರ! ಇದನ್ನು ನೀವು ಪಾಠದಂತೆ ಒಪ್ಪಿಸಬೇಡಿ. ನಮ್ಮ ಬೆಳಿಗ್ಗೆ ಏಳೂವರೆಗೆ ಕರೆ ಮಾಡಿ. ಅಲ್ಲಿ ಹಿಂದಿನ ದಿನದ ಸಂಜೆ ಎಂಟು ಗಂಟೆ. ‘ಅಲ್ಲಿ ಈಗ ಹೊತ್ತು ಎಷ್ಟಕ್ಕೆ ಮುಳುಗುತ್ತದೆ?’ ಎಂದು ಸುಮ್ಮನೆ ಕೇಳಿ. ಉಳಿದದ್ದನ್ನು ಅವಳೇ ನೋಡಿಕೊಳ್ಳಲಿ.

ಅದಕ್ಕೂ ಮೊದಲು ಒಂದು ಮಾತು ಹೇಳಬೇಕು: ‘ಅವತ್ತು ನೀನು ಅತ್ತಾಗ ನನಗೆ ಭಯವಾಯಿತು ಕಣಮ್ಮ, ಏನು ಹೇಳಬೇಕೋ ತೋಚಲಿಲ್ಲ.’ ನಿಮ್ಮ ಕಾಗದದ ತುಂಬ ಕಾಣುತ್ತಿರುವುದು ಆ ಭಯವೇ. ಆಮೇಲೆ ನಿಮ್ಮ ಗೋಳನ್ನೂ ಹೇಳಿಕೊಳ್ಳಿ. ಮಧ್ಯಾಹ್ನದ ಸೆಕೆ, ಕರೆಂಟು ಹೋದಾಗಿನ ಪರದಾಟ, ಎಷ್ಟು ಗುಡಿಸಿದರೂ ಮತ್ತೆ ಅಂಗಳದ ತುಂಬ ಉದುರುವ ಹೊಂಗೆ ಹೂವು, ಅವಳಿಲ್ಲದ ಹಬ್ಬ. ತಾಯಿಯೂ ಬೇಸರ ಪಡುತ್ತಾಳೆಂದು ತಿಳಿದರೆ ಮಗಳ ಎದೆಯ ಭಾರ ಇಳಿಯುತ್ತದೆ.

ಅವಳು ಮತ್ತೆ ಹಿಮವನ್ನು ಬೈದರೆ ಬೈಯಲಿ, ನೀವೂ ಜೊತೆಗೆ ಎರಡು ಮಾತು ಬೈಯಿರಿ. ಗದ್ದೆಯ ವಿಷಯ ಮಾತ್ರ ಎತ್ತಬೇಡಿ. ಸಾಲ ತೀರಿದ್ದರೆ, ತೀರಿತೆಂದು ಅವಳಿಗೆ ಹೇಳಿಬಿಡಿ.