ಮನೆಮಂದಿಯೆಲ್ಲ ಜ್ವರದಲ್ಲಿ ಮಲಗಿದ್ದಾರೆ, ನಾನು ಹುಷಾರಾಗಿರುವುದು ಹೇಗೆ?

ಪ್ರಶ್ನೆ: ನನಗೆ 38 ವರ್ಷ. ಕಳೆದ ವಾರ ಕಿರಿಯ ಮಗ ಶಾಲೆಯಿಂದ ಜ್ವರ, ಕೆಮ್ಮು ಹೊತ್ತು ತಂದ. ಎರಡು ದಿನಗಳಲ್ಲಿ ಮಗಳೂ ಯಜಮಾನರೂ ಮಲಗಿದರು. ವೈದ್ಯರು ಫ್ಲೂ ಎಂದಿದ್ದಾರೆ. ನಿನ್ನೆಯಿಂದ ಮಾವನವರಿಗೂ ಜ್ವರ. ಈಗ ಎದ್ದು ಓಡಾಡುತ್ತಿರುವವರು ನಾನು ಮತ್ತು ಸಕ್ಕರೆ ಕಾಯಿಲೆಯಿರುವ 70 ವರ್ಷದ ಅತ್ತೆಯವರು ಮಾತ್ರ. ದಿನಕ್ಕೆ ಮೂರು ಸಲ ಕಷಾಯ ಕುಡಿಯುತ್ತಿದ್ದೇನೆ. ಮುಂಜಾಗ್ರತೆಗಾಗಿ ಆಂಟಿಬಯೋಟಿಕ್ ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಆಂಟಿಬಯೋಟಿಕ್ ಖಂಡಿತ ಬೇಡ. ಅವು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ಔಷಧಗಳೇ ಹೊರತು ಫ್ಲೂ ತರುವ ವೈರಸ್ಸಿಗೆ ಅವುಗಳಿಂದ ಏನೂ ಆಗುವುದಿಲ್ಲ. ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಆದರೆ ಅದನ್ನು ಕುಡಿದ ಧೈರ್ಯದಲ್ಲಿ ಉಳಿದ ಎಚ್ಚರಿಕೆಯನ್ನು ಸಡಿಲಿಸಬೇಡಿ.

ನಿಮ್ಮ ಪತ್ರ ಓದಿದ ಮೇಲೆ ನನಗೆ ನಿಮಗಿಂತ ಹೆಚ್ಚಾಗಿ ಅತ್ತೆಯವರ ಚಿಂತೆಯಾಯಿತು. (ಉತ್ತರ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಈ ಭಾಗವನ್ನು ನಿಮಗೆ ಫೋನಿನಲ್ಲಿಯೇ ತಿಳಿಸಿದ್ದೇನೆ, ಇಲ್ಲಿ ಬರೆಯುತ್ತಿರುವುದು ಇತರ ಓದುಗರಿಗಾಗಿ.) ಫ್ಲೂ ತಗುಲಿದವರು ಲಕ್ಷಣ ಕಾಣುವುದಕ್ಕೆ ಒಂದು ದಿನ ಮೊದಲೇ ವೈರಸ್ಸನ್ನು ಹರಡಲಾರಂಭಿಸುತ್ತಾರೆ, ಮೊದಲ ಮೂರು ನಾಲ್ಕು ದಿನಗಳಲ್ಲಿ ಅದು ಅತಿ ಹೆಚ್ಚು. ಆದ್ದರಿಂದ ಇಂದು ನಿಮ್ಮ ಮನೆಯಲ್ಲಿ ಹೆಚ್ಚು ಅಂಟಿಸಬಲ್ಲವರು ವಾರದಿಂದ ಕೆಮ್ಮುತ್ತಿರುವ ಮಗನಲ್ಲ, ನಿನ್ನೆ ಮಲಗಿದ ಮಾವನವರು. ಅತ್ತೆ, ಮಾವ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವವರಾದರೆ ಇಂದೇ ಅತ್ತೆಯವರ ಹಾಸಿಗೆಯನ್ನು ಪಡಸಾಲೆಗೆ ಹಾಕಿಸಿ. ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧವು ಜ್ವರ ಶುರುವಾದ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ ಕೊಡುತ್ತದೆ. ವಯಸ್ಸಾದ, ಸಕ್ಕರೆ ಕಾಯಿಲೆಯಿರುವ ಅತ್ತೆಯವರಂಥವರಿಗೆ ವೈದ್ಯರು ಕೆಲವೊಮ್ಮೆ ಕಾಯಿಲೆ ಬರುವ ಮೊದಲೇ ಇದನ್ನು ಕೊಡುವುದುಂಟು. ಮಾವನವರಿಗೂ ಅತ್ತೆಯವರಿಗೂ ಇದರ ಅಗತ್ಯವಿದೆಯೇ ಎಂದು ತಡಮಾಡದೆ ವೈದ್ಯರನ್ನು ಕೇಳಬೇಕು.

ಇನ್ನು ನಿಮ್ಮ ವಿಷಯ. ಸೋಂಕು ತಗುಲಿ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಬೇಕಾಗುವುದರಿಂದ ನಿಮಗೆ ಈಗಾಗಲೇ ತಗುಲಿರಲೂಬಹುದು. ತಗುಲಿದರೆ ಅದು ನಿಮ್ಮ ತಪ್ಪೂ ಅಲ್ಲ, ಶಕ್ತಿ ಸಾಲದ್ದರ ಲಕ್ಷಣವೂ ಅಲ್ಲ. ಆದರೂ ನಮ್ಮ ಮನೆಗಳ ಎರಡು ಅಭ್ಯಾಸಗಳನ್ನು ಈ ವಾರವಾದರೂ ಬಿಡಬೇಕು. ಮಗುವಿನ ಮೂಗನ್ನು ಒರೆಸಿದ ಸೆರಗಿನಲ್ಲಿಯೇ ತಾಯಿ ತನ್ನ ಮುಖದ ಬೆವರನ್ನೂ ಒರೆಸಿಕೊಳ್ಳುವುದು ಒಂದು. ಮಗು ಬಿಟ್ಟ ಅನ್ನವನ್ನು ಚೆಲ್ಲಲು ಮನಸ್ಸಾಗದೆ ತಾನೇ ಉಂಡು ತಟ್ಟೆ ತೊಳೆಯುವುದು ಇನ್ನೊಂದು. ಎಂಜಲೆಂದರೆ ಮೈಲಿಗೆ ಎನ್ನುತ್ತಿದ್ದ ಹಿರಿಯರೂ ಮಕ್ಕಳ ಎಂಜಲಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ವೈರಸ್ಸು ಆ ವಿನಾಯಿತಿಯನ್ನು ಒಪ್ಪುವುದಿಲ್ಲ. ರೋಗಿಯನ್ನು ಮುಟ್ಟಿದ ಮೇಲೆ 20 ಸೆಕೆಂಡುಗಳಷ್ಟು ಕಾಲ ಸೋಪಿನಿಂದ ಕೈ ತೊಳೆಯಿರಿ. ಮಳೆಯೆಂದು ಕಿಟಕಿಗಳನ್ನು ಮುಚ್ಚಿಟ್ಟಿದ್ದರೆ ಜ್ವರದ ಕೋಣೆಯ ಒಂದನ್ನಾದರೂ ತೆರೆದಿಡಿ, ಒಳಗೆ ಹೋಗುವಾಗ ಮೂಗಿಗೂ ಗಲ್ಲಕ್ಕೂ ಸರಿಯಾಗಿ ಕೂರುವ ಮಾಸ್ಕ್ ಹಾಕಿಕೊಳ್ಳಿ.

ಆರೈಕೆಯನ್ನೂ ಹಂಚಿಕೊಳ್ಳಬೇಕು. ಈಗಷ್ಟೇ ಇದೇ ಫ್ಲೂ ಬಂದು ಗುಣವಾದವರಿಗೆ ಅದೇ ವೈರಸ್ಸು ಕೂಡಲೇ ಮತ್ತೆ ತಗುಲುವ ಸಾಧ್ಯತೆ ತೀರ ಕಡಿಮೆ. ಆದ್ದರಿಂದ ಜ್ವರ ಬಿಟ್ಟು ಎದ್ದ ಮೇಲೆ ಯಜಮಾನರೇ ತಮ್ಮ ತಂದೆಗೆ ಗಂಜಿ, ಮಾತ್ರೆ ಕೊಡಲಿ. ಅತ್ತೆಯವರ ಊಟ ತಿಂಡಿಯನ್ನು ನೀವು ನೋಡಿಕೊಳ್ಳಿ, ಆ ಕೆಲಸಕ್ಕೂ ಮಾಸ್ಕ್ ಇರಲಿ. ರಾತ್ರಿ ಏಳು ಗಂಟೆಯ ನಿದ್ದೆಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಯಾರಿಗಾದರೂ ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಮಾತು ತೊದಲಿ ಗೊಂದಲ ಕಂಡರೆ, ಇಳಿದ ಜ್ವರ ಮತ್ತೆ ಏರಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಫ್ಲೂ ಲಸಿಕೆ ರಕ್ಷಣೆ ಕೊಡಲು ಸುಮಾರು ಎರಡು ವಾರ ಬೇಕಾಗುವುದರಿಂದ ಈ ಸುತ್ತಿಗೆ ಅದು ನೆರವಾಗದು. ಬರುವ ವರ್ಷ ಮಳೆಗಾಲಕ್ಕೆ ಮೊದಲೇ ಅತ್ತೆ, ಮಾವನವರಿಗೆ ಹಾಕಿಸಿ.