ತಿಂಗಳಿಗೆ ಒಂದು ಲಕ್ಷ: ಇಂಗ್ಲೆಂಡಿನಲ್ಲಿರುವ ನರ್ಸ್ ಮಗಳು, ಆಳಂದದ ಅಪ್ಪ

ಕುಟುಂಬದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಆಳಂದ ತಾಲ್ಲೂಕಿನ ಹಳ್ಳಿಯ ಹುಡುಗಿ. ಕಲಬುರಗಿಯಲ್ಲಿ ನರ್ಸಿಂಗ್ ಓದಿ, ಇಲ್ಲೇ ಕೆಲಸ ಮಾಡಿ, 2025ರ ಜನವರಿಯಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗೆ ಸೇರಿದಳು. ನವೆಂಬರಿನಲ್ಲಿ ರಜೆಗೆ ಬಂದಾಗ ಅವಳ ಅವ್ವ ಸಲಹೆಗಾರ್ತಿಯಾದ ನನ್ನ ಹತ್ತಿರ ಕರೆದುಕೊಂಡು ಬಂದರು. "ಬಂದಾಗಿಂದ ನಿದ್ದಿನೇ ಮಾಡವಲ್ಲಳ್ರಿ. ಫೋನ್ ಬಂದ್ರ ಬೆಚ್ಚಿ ಬೀಳ್ತಾಳ" ಅಂದರು.

ಅವ್ವನನ್ನು ಹೊರಗೆ ಕೂರಿಸಿ ಮಾತಾಡಿದೆ. ಸಾಯಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ ಎಂದು ಮೊದಲೇ ನೇರವಾಗಿ ಕೇಳಿದೆ. ಇಲ್ಲ ಅಂದಳು. ಆಮೇಲೆ ನಿಧಾನವಾಗಿ ವಿಷಯ ಹೊರಗೆ ಬಂತು. ಅಪ್ಪನ ಫೋನ್ ಬಂದರೆ ಎತ್ತುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ರೂಮಿಗೆ ಬಂದು, ಆ ತಪ್ಪಿಗೆ ಅನ್ನುವ ಹಾಗೆ, ಕೇಳಿದಷ್ಟು ಹಣ ಕಳಿಸುತ್ತಿದ್ದಳು. "ಇಲ್ಲ ಅನ್ಲಿಕ್ಕಿ ಬಾಯೇ ಬರಂಗಿಲ್ರಿ ಮೇಡಂ. ನನ್ನ ಓದಿಗೆ ಸಾಲ ಮಾಡ್ಯಾನ ಅಪ್ಪ." ಅವಳ ಬ್ಯಾಂಕ್ ಖಾತೆಯ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆದ ಹಣ) ಮತ್ತು ಕ್ರೆಡಿಟ್ ಕಾರ್ಡ್ ಸೇರಿ 1,800 ಪೌಂಡ್ ಸಾಲ ನಿಂತಿತ್ತು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಪ್ಪನ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಅವರನ್ನು ಕರೆಸಿ ಕೇಳಿದಾಗ ಅವರ ಲೆಕ್ಕದಲ್ಲಿ ದುರಾಸೆ ಕಾಣಲಿಲ್ಲ. ಆಫರ್ ಪತ್ರದಲ್ಲಿ ವರ್ಷಕ್ಕೆ 29,970 ಪೌಂಡ್ ಅಂತ ಇತ್ತು. ಅದನ್ನು ಯಾರೋ ರೂಪಾಯಿಗೆ ಗುಣಿಸಿ 32 ಲಕ್ಷ ಅಂದರು. ಊರೆಲ್ಲ ಅದೇ ಮಾತಾಯಿತು. "ವರ್ಷಕ್ಕ 32 ಲಕ್ಷ ದುಡಿಯೋ ಮಗಳು ತಿಂಗಳಿಗಿ ಒಂದು ಲಕ್ಷ ಕಳಸ್ಲಿಕ್ಕಿ ಏನ್ ತ್ರಾಸ್ ಅದರಿ?" ಎಂದು ಅವರು ಕೇಳಿದ್ದು ನಿಜವಾದ ಗೊಂದಲದಿಂದ. ಮಗಳು ದೂರ ಆದಳೇನೋ ಅನ್ನುವ ಭಯವೂ ಅದರಲ್ಲಿತ್ತು.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ ಒಂದೇ: ಪೇಸ್ಲಿಪ್ ಅಪ್ಪನ ಮುಂದೆ ಇಡು. ಹಣ ಇಲ್ಲ ಅಂತ ಬಾಯಲ್ಲಿ ಹೇಳಿದರೆ ಅದು ನೆಪದ ಹಾಗೆ ಕೇಳುತ್ತೆ. ಅಂಕಿ ತೋರಿಸಿದರೆ ಇಬ್ಬರೂ ಸೇರಿ ನೋಡಬಹುದು.

ಮುಂದಿನ ಭೇಟಿಗೆ ಇಬ್ಬರೂ ಬಂದರು. ಅವಳು ಒಂದು ಗೆರೆ ಹಾಳೆಯಲ್ಲಿ ಕನ್ನಡದಲ್ಲೇ ಬರೆದಳು. ಈಗಿನ ಸಂಬಳ ವರ್ಷಕ್ಕೆ 31,049 ಪೌಂಡ್, ತಿಂಗಳಿಗೆ 2,587. ಪಿಂಚಣಿಗೆ 215. ಆದಾಯ ತೆರಿಗೆ 265. ನ್ಯಾಷನಲ್ ಇನ್ಶೂರೆನ್ಸ್ ಅನ್ನುವ ಸರ್ಕಾರಿ ವಂತಿಗೆ 123. ಕೈಗೆ ಬರುವುದು 1,984. ಅಪ್ಪ ಪ್ರತಿ ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದಿದರು. ಪಿಂಚಣಿ ಹತ್ತಿರ ಬೆರಳು ನಿಂತಿತು. "ಇದು ಯಾಕ್ ಬೇಕವ್ವ ಈಗ? ಬಿಡಿಸಿಬಿಡು." ಬಹಳ ಮನೆಗಳಲ್ಲಿ ಮೊದಲು ಕೈ ಹೋಗುವುದು ಇದಕ್ಕೇ. ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಅವಳು ಹಾಕುವುದಕ್ಕಿಂತ ಎಷ್ಟೋ ಜಾಸ್ತಿ ಆಸ್ಪತ್ರೆಯೇ ಹಾಕುತ್ತದೆ. ಕೆಲಸದಲ್ಲಿರುವಾಗ ಜೀವಕ್ಕೆ ಏನಾದರೂ ಹೆಚ್ಚುಕಮ್ಮಿ ಆದರೆ ವರ್ಷದ ಸಂಬಳದ ಎರಡರಷ್ಟು ಮನೆಯವರಿಗೆ ಸಿಗುತ್ತದೆ. ಅದನ್ನು ಬಿಟ್ಟರೆ ಇದೆಲ್ಲವೂ ಹೋಗುತ್ತೆ.

ಆಮೇಲೆ ಖರ್ಚು ಬರೆದಳು. ರೂಮಿನ ಬಾಡಿಗೆ, ಕರೆಂಟ್, ಹೀಟರ್ ಸೇರಿ 650. ಬಸ್ 70. ಊಟ 200. ಫೋನ್ 15. ಉಳಿಯುವುದು 1,049. ಪೌಂಡಿಗೆ 115 ರೂಪಾಯಿ ಹಿಡಿದರೆ ಒಂದು ಲಕ್ಷ ಅಂದರೆ 870 ಪೌಂಡ್. ಅದನ್ನು ಕಳಿಸಿದ ಮೇಲೆ ಬಟ್ಟೆ, ಔಷಧಿ, ವಿಮಾನದ ಟಿಕೆಟ್ ಎಲ್ಲಕ್ಕೂ ಸೇರಿ 179 ಪೌಂಡ್.

ಅಪ್ಪ ಬಾಡಿಗೆ ಬಗ್ಗೆ ಕೇಳಲಿಲ್ಲ. "ಎರಡು ನೂರರಾಗ ತಿಂಗಳೆಲ್ಲ ಉಂಡಿ ಏನು?" ಅಂತ ಕೇಳಿದರು. ಅವಳು ಅತ್ತಳು. ನಾನು ಸುಮ್ಮನೆ ಕೂತೆ. ಅಲ್ಲಿ ಸಲಹೆಗಾರರ ಮಾತು ಬೇಕಿರಲಿಲ್ಲ.

ಆದರೆ 1,800 ಪೌಂಡ್ ಸಾಲ ಯಾಕಾಯಿತು ಅನ್ನುವುದಕ್ಕೆ ಇನ್ನೊಂದು ಕಾರಣ ಹಳೆಯ ಪೇಸ್ಲಿಪ್‌ಗಳಲ್ಲಿ ಸಿಕ್ಕಿತು. ಹೊರಗಿನಿಂದ ಹೋದ ನರ್ಸ್ ಅಲ್ಲಿ ಓಎಸ್‌ಸಿಇ ಅನ್ನುವ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಪಾಸಾಗುವವರೆಗೆ ಇವಳಿಗೆ ಕೆಳಗಿನ ದರ್ಜೆಯ ಸಂಬಳ, ತಿಂಗಳಿಗೆ ಸುಮಾರು 2,210 ಪೌಂಡ್. ಅದರಲ್ಲಿ ತೆರಿಗೆಯೇ 400ರ ಮೇಲೆ ಹೋಗಿತ್ತು. ಸ್ಲಿಪ್‌ನಲ್ಲಿ ತೆರಿಗೆ ಕೋಡ್ 'ಬಿಆರ್' ಅಂತ ಇತ್ತು. ಇರಬೇಕಾದ್ದು '1257ಎಲ್'. ಅಲ್ಲಿ ವರ್ಷಕ್ಕೆ 12,570 ಪೌಂಡ್‌ವರೆಗೆ ಆದಾಯ ತೆರಿಗೆ ಇಲ್ಲ. ಬಿಆರ್ ಕೋಡ್ ಬಿದ್ದರೆ ಆ ವಿನಾಯಿತಿ ಸಿಗುವುದಿಲ್ಲ, ಮೊದಲ ಪೌಂಡಿನಿಂದಲೇ 20 ಪರ್ಸೆಂಟ್ ಮುರಿಯುತ್ತಾರೆ. ಕೆಲಸಕ್ಕೆ ಸೇರುವಾಗ ತುಂಬುವ ಫಾರ್ಮಿನಲ್ಲಿ ಕಲಬುರಗಿಯ ಕೆಲಸವನ್ನೂ ಲೆಕ್ಕಕ್ಕೆ ಹಿಡಿದು, 'ಬೇರೆ ಕೆಲಸ ಇದೆ' ಅನ್ನುವ ಕಡೆ ಗುರುತು ಹಾಕಿದ್ದಳು.

ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತೆ. ಜನವರಿಯಿಂದ ಮಾರ್ಚ್‌ವರೆಗೆ ಅವಳು ದುಡಿದದ್ದು ಸುಮಾರು 6,600 ಪೌಂಡ್. 12,570ಕ್ಕಿಂತ ಎಷ್ಟೋ ಕಡಿಮೆ, ಅಲ್ವಾ? ಅಂದರೆ ಆ ಮೂರು ತಿಂಗಳಲ್ಲಿ ಮುರಿದ 1,200 ಚಿಲ್ಲರೆ ಪೌಂಡ್ ತೆರಿಗೆ ಪೂರ್ತಿ ಅವಳಿಗೆ ವಾಪಸ್ ಬರಬೇಕಾದ ಹಣ. ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಆನ್‌ಲೈನ್ ತೆರಿಗೆ ಖಾತೆಯಲ್ಲಿ ಅರ್ಜಿ ಹಾಕು, ಯಾವ ಏಜೆಂಟನಿಗೂ ಕಮಿಷನ್ ಕೊಡಬೇಡ ಅಂದೆ. ಹಿಂದಿನ ನಾಲ್ಕು ತೆರಿಗೆ ವರ್ಷಗಳವರೆಗೆ ಕೇಳಲು ಅವಕಾಶವಿದೆ. ಹೊರದೇಶಕ್ಕೆ ಹೋದ ಮಕ್ಕಳು ಮೊದಲ ಪೇಸ್ಲಿಪ್‌ನ ಆ ಕೋಡನ್ನು ದಯವಿಟ್ಟು ನೋಡಬೇಕು.

ಇನ್ನು ಈ ಕಡೆಯ ಸಾಲ. ನೆಟೆ ರೋಗಕ್ಕೆ ತೊಗರಿ ಒಣಗಿದ ವರ್ಷ ಅಪ್ಪ ಊರಲ್ಲೇ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದಿದ್ದರು. ಜೊತೆಗೆ ಸಹಕಾರ ಸಂಘದ ಬೆಳೆ ಸಾಲ ಇತ್ತು. ಮಗಳ ರೊಕ್ಕ ಬಂದ ಕೂಡಲೇ ಅವರು ಮೊದಲು ಹಿಡಿದದ್ದು ಸಂಘದ ಸಾಲವನ್ನು. ನಾಲ್ಕು ಜನರ ಮುಂದೆ ಮರ್ಯಾದೆ ಅಂತ, ವಾಯಿದೆಗೆ ತಿಂಗಳುಗಟ್ಟಲೆ ಮುಂಚೆಯೇ ಸ್ವಲ್ಪ ಸ್ವಲ್ಪ ತುಂಬುತ್ತಿದ್ದರು. ಸಂಘದ ಬೆಳೆ ಸಾಲಕ್ಕೆ 5 ಲಕ್ಷದವರೆಗೆ, ವಾಯಿದೆಯೊಳಗೆ ಕಟ್ಟಿದರೆ, ಬಡ್ಡಿಯೇ ಇಲ್ಲ. ಮೂರು ರೂಪಾಯಿ ಅಂದರೆ ವರ್ಷಕ್ಕೆ 36 ಪರ್ಸೆಂಟ್. ಅತ್ತ ಮಗಳ ಓವರ್‌ಡ್ರಾಫ್ಟಿಗೆ 40ರ ಹತ್ತಿರ. ಅವಳು 40ರ ಬಡ್ಡಿಗೆ ಸಾಲ ಎತ್ತಿ ಕಳಿಸಿದ ಹಣ ಬಡ್ಡಿಯಿಲ್ಲದ ಸಾಲಕ್ಕೆ ಹೋಗುತ್ತಿತ್ತು. ಮೂರು ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆದ ಮೇಲೆ ಅಪ್ಪನೇ ಅದನ್ನು ಹೇಳಿದರು.

ತೀರ್ಮಾನ ಅವರದೇ. ತಿಂಗಳಿಗೆ 400 ಪೌಂಡ್, ಪ್ರತಿ ತಿಂಗಳು ಒಂದೇ ತಾರೀಖಿಗೆ. ಅದು ಮೂರು ರೂಪಾಯಿ ಸಾಲಕ್ಕೆ ಮಾತ್ರ. ಸಂಘದ್ದನ್ನು ತೊಗರಿ ಮಾರಿದ ಹಣದಲ್ಲಿ ವಾಯಿದೆಗೆ ಸರಿಯಾಗಿ ಕಟ್ಟುವುದು. ತೆರಿಗೆ ವಾಪಸ್ ಬಂದಾಗ ನೇರ ಓವರ್‌ಡ್ರಾಫ್ಟಿಗೆ, ಉಳಿದದ್ದು ಸಂಬಳದಲ್ಲಿ. ಆಮೇಲೆ ಮೂರು ತಿಂಗಳ ಖರ್ಚಿನಷ್ಟು ಹಣ ಅವಳ ಖಾತೆಯಲ್ಲೇ ಇರಬೇಕು. ಕಳಿಸುವಾಗ ಶುಲ್ಕ ಎಷ್ಟು ಅಂತ ಮಾತ್ರ ನೋಡಬೇಡ, ಇಲ್ಲಿ ಕೊನೆಗೆ ಎಷ್ಟು ರೂಪಾಯಿ ಬೀಳುತ್ತೆ ಅದನ್ನು ನೋಡು ಅಂದೆ. ಫೋನಿನ ವಿಷಯಕ್ಕೂ ಒಂದು ಕಟ್ಟು ಮಾಡಿದೆವು. ಹಣದ ಮಾತು ಭಾನುವಾರ ಮಾತ್ರ. ಬೇರೆ ದಿನ ಅಪ್ಪನ ಫೋನ್ ಬಂದರೆ ಅದು ಸುಮ್ನೆ ಮಾತಾಡೋಕೆ ಅಂತ ಅವಳಿಗೆ ಗೊತ್ತಿರಬೇಕು.

ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ಹೊರದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಇಲ್ಲಿನ ಹಣದ ಖಾತೆ, ಮಾಡಿಸಬೇಕು. ಅವಳದು ಹಾಗೇ ಇತ್ತು, ಎಟಿಎಂ ಕಾರ್ಡ್ ಅಪ್ಪನ ಜೇಬಿನಲ್ಲಿ. ಅದನ್ನು ಬದಲಿಸಿ, ಹೊರದೇಶದ ದುಡಿಮೆ ಹಾಕುವ ಹೊಸ ಎನ್‌ಆರ್‌ಇ ಖಾತೆ ತೆಗೆಸಿದರು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಬ್ಯಾಂಕೇ 30 ಪರ್ಸೆಂಟ್ ಮತ್ತು ಸೆಸ್ ಮುರಿದುಕೊಳ್ಳುತ್ತೆ.

ಇಲ್ಲಿನ ತೆರಿಗೆಯದು ಅಷ್ಟು ಸಲೀಸಿರಲಿಲ್ಲ. 2024–25ರಲ್ಲಿ ಅವಳು 182 ದಿನಕ್ಕಿಂತ ಜಾಸ್ತಿ ಭಾರತದಲ್ಲೇ ಇದ್ದಳು. ಆ ವರ್ಷ ಅವಳು ಇಲ್ಲಿನ ನಿವಾಸಿಯೇ. ಹಾಗಾಗಿ ಇಂಗ್ಲೆಂಡಿನ ಮೂರು ತಿಂಗಳ ಸಂಬಳವನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಡಿಸೆಂಬರ್ 31ರೊಳಗೆ ತಡವಾದ ರಿಟರ್ನ್ ಹಾಕಲು ಸಮಯ ಇತ್ತು. ಕಲಬುರಗಿಯ ಒಬ್ಬ ಸಿಎ ಹತ್ತಿರ ಕಳಿಸಿದೆ. 2025–26ರಿಂದ ಅವಳು ಅನಿವಾಸಿ, ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ.

ಕೊನೆಗೆ ಅಪ್ಪ ಇನ್ನೊಂದು ಆಸೆ ಹೇಳಿದರು. ಪಕ್ಕದ ಎರಡು ಎಕರೆ ಮಗಳ ಹೆಸರಿಗೆ ಕೊಳ್ಳಬೇಕು ಅಂತ. ಅನಿವಾಸಿಗಳು ಇಲ್ಲಿ ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು ಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಫೆಮಾ ಕಾನೂನಿನಲ್ಲಿ ತಡೆ ಇದೆ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. "ಹಂಗಾದ್ರ ನನ್ನ ಹೆಸರಿಗಿ ತಗೋತೀನ್ರಿ" ಅಂದರು. ಅದಕ್ಕೆ ಅಡ್ಡಿಯಿಲ್ಲ, ಮಗಳು ಅಪ್ಪನಿಗೆ ಕೊಟ್ಟ ಹಣಕ್ಕೆ ತೆರಿಗೆಯೂ ಇಲ್ಲ. ಆದರೆ ಉಯಿಲು ಬರೆಯದಿದ್ದರೆ ಆ ಜಮೀನು ಮುಂದೆ ಹೆಂಡತಿ ಮಕ್ಕಳಿಗೆಲ್ಲ ಸಮ ಹಂಚಿಕೆ ಆಗುತ್ತೆ. ಅವಳ ರೊಕ್ಕದ ಭೂಮಿ ಯಾರದು ಅನ್ನುವುದನ್ನು ಅವಳ ತಮ್ಮನ ಎದುರಿಗೆ ಈಗಲೇ ಮಾತಾಡಿ ಅಂದೆ. ಮೂರು ರೂಪಾಯಿ ಸಾಲ ತೀರುವವರೆಗೆ ಜಮೀನು ಬೇಡ ಅಂತ ಮನೆಯಲ್ಲಿ ಒಪ್ಪಿಕೊಂಡಿದ್ದಾರೆ. ತಮ್ಮನ ಜೊತೆ ಮಾತು ಇನ್ನೂ ಆಗಿಲ್ಲ. ಯುಗಾದಿಗೆ ಕೂರೋಣ ಅಂದಿದ್ದಾರೆ, ಅವಳೂ ವಿಡಿಯೋ ಕಾಲ್‌ನಲ್ಲಿ ಇರುತ್ತಾಳೆ.